ಆರ್ಥಿಕ ಸಲಹಾ ಸಂಸ್ಥೆ ಕಟ್ಟುವ ಮೊದಲು ವಿರೋಧ ಪಕ್ಷವನ್ನು ಕೇಳಬೇಕಾ, ಬೇಡವಾ?

ತುಂಗಾತೀರ
ನೀತಿ ಆಯೋಗದ ಮಾತು ಬಂದಾಗಲೆಲ್ಲ ಅದು ಏನು ಮಾಡಿತು, ಏನು ಮಾಡಲಿಲ್ಲ ಎನ್ನುವುದರ ಮೇಲೇ ಜಗಳ ನಡೆಯುತ್ತದೆ. ಅದು ಹುಟ್ಟಿದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ.

2014ರ ಆಗಸ್ಟ್ 15ರಂದು ಪ್ರಧಾನಿ ಮೋದಿ ಕೆಂಪುಕೋಟೆಯಲ್ಲಿ ನಿಂತು, ಪಂಚವಾರ್ಷಿಕ ಯೋಜನೆ ರೂಪಿಸುತ್ತಿದ್ದ ಯೋಜನಾ ಆಯೋಗದ ಕಾಲ ಮುಗಿಯಿತು ಎಂದರು. ಡಿಸೆಂಬರ್ 7ಕ್ಕೆ ಮುಖ್ಯಮಂತ್ರಿಗಳ ಸಭೆ ಕರೆದರು. 2015ರ ಜನವರಿ 1ಕ್ಕೆ ಸಂಪುಟದ ಒಂದು ನಿರ್ಣಯದಿಂದ ಅದರ ಜಾಗಕ್ಕೆ ನೀತಿ ಆಯೋಗ ಬಂತು. ಸಂಸತ್ತಿನಲ್ಲಿ ಮಸೂದೆ ಇಲ್ಲ. ಸ್ಥಾಯಿ ಸಮಿತಿ ಇಲ್ಲ. ಮತದಾನ ಇಲ್ಲ. ಇಡೀ ದೇಶದ ಆರ್ಥಿಕ ದಿಕ್ಕಿನ ಬಗ್ಗೆ ಸಲಹೆ ಕೊಡುವ ಸಂಸ್ಥೆಗೆ ಇಷ್ಟು ಸಾಕಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇಂಥ ಸಂಸ್ಥೆ ಕಟ್ಟುವ ಮೊದಲು ವಿರೋಧ ಪಕ್ಷಗಳನ್ನು ಕೇಳಬೇಕು. ಕಟ್ಟಿದ ಮೇಲೆ ಒಂದು ಕುರ್ಚಿ ಕೊಡುವುದಲ್ಲ. ಅದರ ಕೆಲಸ ಏನು, ಯಾರನ್ನು ನೇಮಿಸಬೇಕು, ಯಾರು ತೆಗೆದುಹಾಕಬಹುದು, ವರದಿ ಯಾರ ಕೈಗೆ ಹೋಗಬೇಕು, ಇವುಗಳನ್ನು ತೀರ್ಮಾನಿಸುವಾಗ ಕೇಳಬೇಕು. ನೀವೇನಂತೀರಿ?

ಬಯಲುಸೀಮೆಯವ
ಬೇಡ. ಜನ ಗೆಲ್ಲಿಸಿದ್ದು ಯಾರನ್ನು? ಪ್ರಧಾನಿ ತನಗೆ ಬೇಕಾದವರ ಸಲಹೆ ಪಡೆಯುತ್ತಾರೆ. ಅದಕ್ಕೆ ಸೋತವರ ಒಪ್ಪಿಗೆ ಯಾಕೆ? ಸಲಹೆ ತಪ್ಪಾದರೆ ಐದು ವರ್ಷಕ್ಕೆ ಜನರೇ ಉತ್ತರ ಕೊಡುತ್ತಾರೆ.

ಎಲ್ಲರನ್ನೂ ಕೇಳುತ್ತಾ ಕೂತರೆ ಸಂಸ್ಥೆ ಕಾಗದದ ಮೇಲೇ ಉಳಿಯುತ್ತದೆ.

ಕಡತದ ಗೆಳೆಯ
ಇತಿಹಾಸ ಒಂದಿಷ್ಟು. ಯೋಜನಾ ಆಯೋಗ ಕೂಡ 1950ರ ಮಾರ್ಚ್ 15ರಂದು ಸಂಪುಟದ ನಿರ್ಣಯದಿಂದಲೇ ಬಂದದ್ದು. ನೆಹರೂ ಕಾಲದಲ್ಲೂ ಅದಕ್ಕೆ ಕಾನೂನು ಮಾಡಲಿಲ್ಲ. ಸಂವಿಧಾನದಲ್ಲೂ ಅದರ ಹೆಸರಿಲ್ಲ. ವಿರೋಧ ಪಕ್ಷ ಹಾಗಿರಲಿ, ಸ್ವಂತ ಹಣಕಾಸು ಸಚಿವ ಜಾನ್ ಮಥಾಯ್ ಅವರಿಗೇ ಅದು ಒಪ್ಪಿಗೆ ಇರಲಿಲ್ಲ. ಇದು ಇನ್ನೊಂದು ಸಂಪುಟದಂತೆ ಆಗುತ್ತದೆ ಎಂದು ಅವರು ವಾದಿಸಿದರು. ಅದೇ ವರ್ಷ ರಾಜೀನಾಮೆ ಕೊಟ್ಟರು.

ಹಾಗಾಗಿ 2015ರಲ್ಲಿ ಹೊಸ ತಪ್ಪು ಶುರುವಾಯಿತು ಎಂದು ಹೇಳುವುದು ಸರಿಯಲ್ಲ. ಹಳೆಯ ದಾರಿಯಲ್ಲೇ ನಡೆದರು.

ಶಾರದೆ_ಎಂಎ
ಹಾಗಾದರೆ ಎರಡೂ ಸರಿಯಲ್ಲ. ನೆಹರೂ ಮಾಡಿದ್ದರು ಅಂದ ಮಾತ್ರಕ್ಕೆ ಮೋದಿ ಮಾಡಿದ್ದು ಸರಿಯಾಗುವುದಿಲ್ಲ.

ದಾವಣಗೆರೆ ಬೆಣ್ಣೆ
@ತುಂಗಾತೀರ ಒಂದು ತಿದ್ದುಪಡಿ. ನೀತಿ ಆಯೋಗದ ಆಡಳಿತ ಮಂಡಳಿಯಲ್ಲಿ ಎಲ್ಲಾ ರಾಜ್ಯಗಳ ಮುಖ್ಯಮಂತ್ರಿಗಳೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ವಿರೋಧ ಪಕ್ಷದವರೇ ಅಲ್ವಾ? 2015ರ ಫೆಬ್ರವರಿ 8ರ ಮೊದಲ ಸಭೆಯ ನಂತರ ಮುಖ್ಯಮಂತ್ರಿಗಳ ಮೂರು ಉಪಸಮಿತಿ ಮಾಡಿದರು. ಕೇಂದ್ರ ಪ್ರಾಯೋಜಿತ ಯೋಜನೆಗಳ (ಕೇಂದ್ರ, ರಾಜ್ಯ ಸೇರಿ ಖರ್ಚು ಹೊರುವಂಥವು) ಉಪಸಮಿತಿಗೆ ಆಗಿನ ಮಧ್ಯಪ್ರದೇಶ ಮುಖ್ಯಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ಸಂಚಾಲಕರು. ಅದರಲ್ಲಿ ಕೇರಳದ ಕಾಂಗ್ರೆಸ್ ಮುಖ್ಯಮಂತ್ರಿ, ಉತ್ತರ ಪ್ರದೇಶದ ಸಮಾಜವಾದಿ ಮುಖ್ಯಮಂತ್ರಿ ಇಬ್ಬರೂ ಇದ್ದರು. ಅಂಥ ಯೋಜನೆಗಳು 30 ದಾಟಬಾರದು ಎಂದರು. ಪ್ರಮುಖ ಯೋಜನೆಗಳಲ್ಲಿ ಖರ್ಚು ಕೇಂದ್ರ, ರಾಜ್ಯಗಳ ನಡುವೆ 60:40 ಹಂಚಿಕೆಯಾಗಲಿ ಎಂದರು. ಕೇಂದ್ರ ಅದನ್ನು ಒಪ್ಪಿಕೊಂಡಿತು. ಇದು ಸಮಾಲೋಚನೆ ಅಲ್ಲದೆ ಮತ್ತೇನು?

ತುಂಗಾತೀರ
ಆ ಉಪಸಮಿತಿಯ ಕೆಲಸವನ್ನು ನಾನೂ ಮೆಚ್ಚುತ್ತೇನೆ. ಆದರೆ ಅದು ಸಂಸ್ಥೆ ಹುಟ್ಟಿದ ಮೇಲೆ ನಡೆದದ್ದು. ಹುಟ್ಟುವ ಮೊದಲು ನಡೆದದ್ದು ಡಿಸೆಂಬರ್ 7ರ ಆ ಒಂದು ಸಭೆ. ಅಷ್ಟು ಹೊತ್ತಿಗೆ ಹಳೆಯದನ್ನು ಮುಚ್ಚುವುದು ಕೆಂಪುಕೋಟೆಯಲ್ಲೇ ಘೋಷಣೆಯಾಗಿತ್ತು. ಕಾಂಗ್ರೆಸ್ ಮುಖ್ಯಮಂತ್ರಿಗಳು ಮುಚ್ಚಬೇಡಿ, ಬೇಕಾದರೆ ಸುಧಾರಿಸಿ ಎಂದರು. ಮಮತಾ ಬ್ಯಾನರ್ಜಿ ಬರಲೇ ಇಲ್ಲ. ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗಾಯಿತು.

ಇನ್ನೊಂದು ವಿಷಯ. ಮುಖ್ಯಮಂತ್ರಿ ಮತ್ತು ವಿರೋಧ ಪಕ್ಷ ಒಂದೇ ಅಲ್ಲ. ಮುಖ್ಯಮಂತ್ರಿ ದೆಹಲಿಗೆ ಬರುವುದು ತನ್ನ ರಾಜ್ಯದ ಪಾಲು ಕೇಳಲು. ಇಡೀ ದೇಶದ ಲೆಕ್ಕದ ಬಗ್ಗೆ ಸರ್ಕಾರವನ್ನು ಪ್ರಶ್ನಿಸುವ ಕೆಲಸ ಸಂಸತ್ತಿನ ವಿರೋಧ ಪಕ್ಷದ್ದು. ಲೋಕಸಭೆಯ ವಿರೋಧ ಪಕ್ಷದ ನಾಯಕರಿಗೆ ನೀತಿ ಆಯೋಗದಲ್ಲಿ ಜಾಗವೇ ಇಲ್ಲ.

ಬಯಲುಸೀಮೆಯವ
2014ರಲ್ಲಿ ವಿರೋಧ ಪಕ್ಷದ ನಾಯಕ ಅಂತ ಯಾರಿದ್ದರು ಹೇಳಿ? ಕಾಂಗ್ರೆಸ್‌ಗೆ 44 ಸೀಟು. ಆ ಸ್ಥಾನಕ್ಕೆ ಒಟ್ಟು ಸೀಟಿನ ಹತ್ತರಲ್ಲಿ ಒಂದು ಪಾಲು ಬೇಕು, ಅಂದರೆ 55. ಆ ಸ್ಥಾನವೇ ಖಾಲಿ ಇತ್ತು. ಇಲ್ಲದವರನ್ನು ಹೇಗೆ ಕೇಳುವುದು?

ಕಲಬುರಗಿ ತೊಗರಿ
ಅಲ್ಲೇ ಇರುವುದು ವಿಷಯ. ಕೇಳುವ ಮನಸ್ಸಿದ್ದರೆ ದಾರಿ ಇರುತ್ತದೆ. ಸಿಬಿಐ ನಿರ್ದೇಶಕರ ಆಯ್ಕೆಗೆ ಅದೇ 2014ರಲ್ಲಿ ಕಾನೂನು ತಿದ್ದಿದರು. ಅಧಿಕೃತ ವಿರೋಧ ಪಕ್ಷದ ನಾಯಕ ಇಲ್ಲದಿದ್ದರೆ ಅತಿ ದೊಡ್ಡ ವಿರೋಧ ಪಕ್ಷದ ನಾಯಕ ಸಮಿತಿಯಲ್ಲಿ ಇರಲಿ ಎಂದರು. ಲೋಕಪಾಲ್ ವಿಷಯದಲ್ಲಿ ಮಾತ್ರ ಆ ತಿದ್ದುಪಡಿ ಆಗಲಿಲ್ಲ.

ಆಗ ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರಾಗಿದ್ದ ನಮ್ಮ ಖರ್ಗೆಯವರನ್ನು ಲೋಕಪಾಲ್ ಆಯ್ಕೆ ಸಮಿತಿಗೆ 'ವಿಶೇಷ ಆಹ್ವಾನಿತ' ಎಂದು ಕರೆದರು. ಮತ ಹಾಕುವಂತಿಲ್ಲ, ಅಭಿಪ್ರಾಯ ದಾಖಲಾಗುವುದಿಲ್ಲ, ಹಾಗಿದ್ದ ಮೇಲೆ ಯಾಕೆ ಬರಲಿ ಎಂದು ಅವರು ಮತ್ತೆ ಮತ್ತೆ ನಿರಾಕರಿಸಿದರು. ಕೊನೆಗೆ 2019ರ ಮಾರ್ಚ್‌ನಲ್ಲಿ ಅವರಿಲ್ಲದೆಯೇ ಲೋಕಪಾಲ್ ನೇಮಕ ಆಯಿತು. ಆಗ ನಮ್ಮೂರಲ್ಲಿ ಇದರ ಬಗ್ಗೆ ಜೋರು ಚರ್ಚೆ. ಸುಮ್ನೆ ಹೋಗಿ ಕೂತು ಬರಬಹುದಿತ್ತು ಎಂದವರೂ ಇದ್ದರು. ಹೋಗದೆ ಒಳ್ಳೆಯದು ಮಾಡಿದರು ಎಂದವರೂ ಇದ್ದರು. ನಾನು ಎರಡನೆಯ ಗುಂಪು. ಕೂತು ಚಹಾ ಕುಡಿದು ಬಂದರೆ 'ವಿರೋಧ ಪಕ್ಷವನ್ನೂ ಕೇಳಿದ್ದೇವೆ' ಎಂದು ಬರೆದುಕೊಳ್ಳುತ್ತಿದ್ದರು.

ಜಯನಗರ 4ನೇ ಬ್ಲಾಕ್
+1. ಆಹ್ವಾನಕ್ಕೂ ಅಧಿಕಾರಕ್ಕೂ ವ್ಯತ್ಯಾಸ ಇದೆ.

ತೆರಿಗೆ ಪಯಣ
ನಾನು ತೆರಿಗೆ ಸಲಹೆಯ ಕೆಲಸ ಮಾಡುತ್ತೇನೆ. ಈ ಚರ್ಚೆಗೆ ಸರಿಯಾದ ಉದಾಹರಣೆ ನೀತಿ ಆಯೋಗ ಅಲ್ಲ, ಜಿಎಸ್‌ಟಿ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

2000ದಲ್ಲಿ ವಾಜಪೇಯಿ ಸರ್ಕಾರ ಇತ್ತು, ಯಶವಂತ ಸಿನ್ಹಾ ಹಣಕಾಸು ಸಚಿವರು. ಮಾರಾಟ ತೆರಿಗೆಯ ಬದಲು ವ್ಯಾಟ್ ತರಬೇಕಿತ್ತು. ಅದಕ್ಕೆ ರಾಜ್ಯಗಳ ಹಣಕಾಸು ಸಚಿವರ ಉನ್ನತಾಧಿಕಾರ ಸಮಿತಿ ಮಾಡಿದರು. ಅಧ್ಯಕ್ಷರು ಯಾರು ಗೊತ್ತಾ? ಪಶ್ಚಿಮ ಬಂಗಾಳದ ಅಸೀಮ್ ದಾಸ್‌ಗುಪ್ತ. ಸಿಪಿಎಂನವರು! ಬಿಜೆಪಿ ನೇತೃತ್ವದ ಸರ್ಕಾರದ ಕಾಲದಲ್ಲಿ ಕಮ್ಯುನಿಸ್ಟ್ ಸಚಿವರು ದೇಶದ ತೆರಿಗೆ ಸುಧಾರಣೆಯ ಸಮಿತಿ ನಡೆಸಿದರು. ಆಮೇಲೆ ಮನಮೋಹನ್ ಸಿಂಗ್ ಸರ್ಕಾರ ಬಂದರೂ ಅವರೇ ಮುಂದುವರಿದರು. 2005ರಲ್ಲಿ ವ್ಯಾಟ್ ಜಾರಿಗೆ ಬಂತು. 2011ರಲ್ಲಿ ಬಂಗಾಳದಲ್ಲಿ ಎಡರಂಗ ಸೋತಿತು. ಆಗ ಅಧ್ಯಕ್ಷರಾದವರು ಬಿಹಾರದ ಸುಶೀಲ್ ಮೋದಿ, ಬಿಜೆಪಿ. ಕೇಂದ್ರದಲ್ಲಿ ಕಾಂಗ್ರೆಸ್. ನಂತರ ಕೇರಳದ ಕೆ.ಎಂ. ಮಾಣಿ, ಬಂಗಾಳದ ತೃಣಮೂಲದ ಅಮಿತ್ ಮಿತ್ರ. ಅಷ್ಟು ಹೊತ್ತಿಗೆ ಕೇಂದ್ರದಲ್ಲಿ ಮತ್ತೆ ಬಿಜೆಪಿ.

ಕೇಂದ್ರದಲ್ಲಿ ಯಾವ ಪಕ್ಷವಿದ್ದರೂ ಹೆಚ್ಚಿನ ಕಾಲ ಸಮಿತಿ ಬೇರೆ ಪಕ್ಷದವರ ಕೈಯಲ್ಲಿತ್ತು. ಹಾಗಾಗಿಯೇ ಸರ್ಕಾರ ಬದಲಾದರೂ ಕೆಲಸ ನಿಲ್ಲಲಿಲ್ಲ. ಇದು ನಮ್ಮ ದೇಶದಲ್ಲೇ ನಡೆದದ್ದು, ಹೊರಗಿನಿಂದ ತರಬೇಕಾಗಿಲ್ಲ.

ಇನ್ನು ಜಿಎಸ್‌ಟಿ ಮಂಡಳಿ, ಕೇಂದ್ರ ಮತ್ತು ರಾಜ್ಯಗಳು ಸೇರಿ ಜಿಎಸ್‌ಟಿ ದರ ಚರ್ಚಿಸುವ ಜಾಗ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿತ್ತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಲ ಇರಲಿಲ್ಲ. 2015ರ ನವೆಂಬರ್‌ನಲ್ಲಿ ಪ್ರಧಾನಿ ಸೋನಿಯಾ ಗಾಂಧಿ, ಮನಮೋಹನ್ ಸಿಂಗ್ ಇಬ್ಬರನ್ನೂ ಮನೆಗೆ ಚಹಾಕ್ಕೆ ಕರೆದರು. ಕಾಂಗ್ರೆಸ್ ಮೂರು ಬೇಡಿಕೆ ಇಟ್ಟಿತ್ತು. ಅದರಲ್ಲಿ ಒಂದು, ಹೆಚ್ಚುವರಿ ಶೇ 1ರ ತೆರಿಗೆ ಬೇಡ ಎನ್ನುವುದು. ಅದನ್ನು ಕೈಬಿಟ್ಟರು. 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ 203 ಮತ ಪರ, ವಿರೋಧ ಸೊನ್ನೆ.

ಬಯಲುಸೀಮೆಯವ
@ತೆರಿಗೆ ಪಯಣ ನೀವೇ ಹೇಳಿದಿರಿ, ರಾಜ್ಯಸಭೆಯಲ್ಲಿ ಬಲ ಇರಲಿಲ್ಲ ಅಂತ. ಅಂದರೆ ಅದು ದೊಡ್ಡ ಮನಸ್ಸಲ್ಲ, ಸಂಖ್ಯೆಯ ಒತ್ತಾಯ.

ತುಂಗಾತೀರ
ಸರಿಯಾಗಿ ಹೇಳಿದಿರಿ. ನನ್ನ ವಾದ ಕೂಡ ಅದೇ! ಒಳ್ಳೆಯ ಮನಸ್ಸನ್ನು ನಂಬಿಕೊಂಡು ಕೂರಬಾರದು. ಸಂಪುಟದ ನಿರ್ಣಯಕ್ಕೆ ಯಾರ ಮತವೂ ಬೇಡ, ಆದ್ದರಿಂದ ಯಾರನ್ನೂ ಕೇಳುವುದಿಲ್ಲ. ಕಾನೂನು ಮಾಡಬೇಕು ಅಂದರೆ ಎರಡು ಸದನ, ಸ್ಥಾಯಿ ಸಮಿತಿ, ತಿದ್ದುಪಡಿ ಎಲ್ಲವೂ ಬರುತ್ತವೆ. ಅಲ್ಲಿ ವಿರೋಧ ಪಕ್ಷವನ್ನು ಕೇಳಲೇಬೇಕಾಗುತ್ತದೆ. ಹಾಗಾಗಿ ಆರ್ಥಿಕ ಸಲಹಾ ಸಂಸ್ಥೆ ಕಾನೂನಿನ ಮೂಲಕವೇ ಹುಟ್ಟಬೇಕು.

ಕಡತದ ಗೆಳೆಯ
ಇದಕ್ಕೆ ಹಳೆಯ ಉದಾಹರಣೆಯೂ ಇದೆ. 1967ರ ಚುನಾವಣೆಯಲ್ಲಿ ಎಷ್ಟೋ ರಾಜ್ಯಗಳು ಕಾಂಗ್ರೆಸ್ ಕೈ ತಪ್ಪಿದವು. ಅಲ್ಲಿಯವರೆಗೆ ಕೇಂದ್ರದ ಯೋಜನಾ ನೆರವು ಯಾವ ರಾಜ್ಯಕ್ಕೆ ಎಷ್ಟು ಎನ್ನುವುದಕ್ಕೆ ಗಟ್ಟಿ ಸೂತ್ರ ಇರಲಿಲ್ಲ. ರಾಷ್ಟ್ರೀಯ ಅಭಿವೃದ್ಧಿ ಮಂಡಳಿಯಲ್ಲಿ ಬೇರೆ ಪಕ್ಷಗಳ ಮುಖ್ಯಮಂತ್ರಿಗಳು ಬಂದು ಕೂತ ಮೇಲೆ ಲೆಕ್ಕ ಕೇಳಿದರು. 1969ರಲ್ಲಿ ಗಾಡ್ಗೀಳ್ ಸೂತ್ರ ಒಪ್ಪಿಗೆಯಾಯಿತು. ಜನಸಂಖ್ಯೆಗೆ ಶೇ 60, ತಲಾ ಆದಾಯ, ತೆರಿಗೆ ಪ್ರಯತ್ನ, ನಡೆಯುತ್ತಿರುವ ನೀರಾವರಿ ಮತ್ತು ವಿದ್ಯುತ್ ಯೋಜನೆ, ವಿಶೇಷ ಸಮಸ್ಯೆ, ಇವಕ್ಕೆ ತಲಾ ಶೇ 10.

ಎದುರು ಪಕ್ಷದವರು ಮೇಜಿನ ಎದುರು ಕೂತರೆ ಸೂತ್ರ ಬರುತ್ತದೆ. ಇಲ್ಲದಿದ್ದರೆ ಕೃಪೆ ನಡೆಯುತ್ತದೆ.

ಹೇಗ್ ಕನ್ನಡತಿ
ನೆದರ್ಲೆಂಡ್ಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಕೇಂದ್ರ ಯೋಜನಾ ಸಂಸ್ಥೆ ಎಂದು 1945ರಲ್ಲೇ ಶುರುವಾಯಿತು. ಮೊದಲ ನಿರ್ದೇಶಕರು ಯಾನ್ ಟಿನ್‌ಬರ್ಗೆನ್, ಮುಂದೆ ಅರ್ಥಶಾಸ್ತ್ರದ ಮೊದಲ ನೊಬೆಲ್ ಹಂಚಿಕೊಂಡವರು. 1986ರಿಂದ ಒಂದು ಪದ್ಧತಿ ಇದೆ. ಚುನಾವಣೆಗೆ ಮೊದಲು ಪಕ್ಷಗಳು ತಮ್ಮ ಪ್ರಣಾಳಿಕೆಯನ್ನು ಈ ಸಂಸ್ಥೆಗೆ ಕೊಡುತ್ತವೆ. ಅದು ಲೆಕ್ಕ ಹಾಕಿ ಹೇಳುತ್ತದೆ, ಇದಕ್ಕೆ ಇಷ್ಟು ಖರ್ಚು, ಸಾಲ ಇಷ್ಟು ಏರುತ್ತದೆ, ಉದ್ಯೋಗದ ಮೇಲೆ ಪರಿಣಾಮ ಇದು ಅಂತ. ಕಡ್ಡಾಯ ಅಲ್ಲ. ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಒಂದೇ ಅಳತೆ.

ಚುನಾವಣೆ ಹೊತ್ತಿಗೆ ನನ್ನ ಆಫೀಸಿನ ಊಟದ ಮೇಜಿನಲ್ಲಿ ಜನ ಆ ಅಂಕಿ ಹಿಡಿದು ಜಗಳ ಆಡುತ್ತಾರೆ. ನೋಡಿ ಖುಷಿಯಾಗುತ್ತದೆ. ಯಾರು ಯಾರಿಗೆ ಬೈದರು ಎನ್ನುವುದಲ್ಲ, ಯಾರ ಲೆಕ್ಕ ಕೂಡುತ್ತದೆ ಎನ್ನುವ ಜಗಳ. ಇದರಲ್ಲೂ ಕುಂದಿದೆ. ಪಕ್ಷಗಳು ಆ ಲೆಕ್ಕದಲ್ಲಿ ಚೆನ್ನಾಗಿ ಕಾಣುವ ಹಾಗೆ ಪ್ರಣಾಳಿಕೆ ಬರೆಯುತ್ತವೆ ಎಂಬ ದೂರು ಇದ್ದೇ ಇದೆ. ಆದರೂ ಭಾರತದಲ್ಲಿ ಇಂಥದ್ದೊಂದು ಬರಲಿ ಅನ್ನುವ ಆಸೆ ನನಗೆ ಜಾಸ್ತಿ.

ದಾವಣಗೆರೆ ಬೆಣ್ಣೆ
ಸಣ್ಣ ದೇಶ, ಅಲ್ಲಿ ಆಗುತ್ತದೆ. 140 ಕೋಟಿ ಜನರ ದೇಶದಲ್ಲಿ, ಇಷ್ಟೊಂದು ಪಕ್ಷಗಳಿರುವಲ್ಲಿ, ಯಾವ ಸಂಸ್ಥೆ ಎಲ್ಲರ ಪ್ರಣಾಳಿಕೆಗೂ ಲೆಕ್ಕ ಹಾಕುತ್ತದೆ?

ಹೇಗ್ ಕನ್ನಡತಿ
ಎಲ್ಲರದ್ದೂ ಬೇಡ. ರಾಷ್ಟ್ರೀಯ ಪಕ್ಷಗಳದ್ದಾದರೂ ಶುರು ಮಾಡಬಹುದಲ್ಲ? ಗ್ಯಾರಂಟಿ ಯೋಜನೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ ಎಷ್ಟು ಮಾತಾಯಿತು. ಎರಡೂ ಕಡೆಯವರು ತಮತಮಗೆ ಬೇಕಾದ ಅಂಕಿ ಹೇಳಿದರು. ಎರಡೂ ಪಕ್ಷ ನಂಬುವ ಮೂರನೆಯವರು ಯಾರೂ ಇರಲಿಲ್ಲ.

ಲಂಡನ್ ಮಳೆ
ಬ್ರಿಟನ್ ಕಥೆ ಸ್ವಲ್ಪ. 2010ರಲ್ಲಿ ಕನ್ಸರ್ವೇಟಿವ್ (ಟೋರಿ) ಪಕ್ಷದ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಬಜೆಟ್ ಹೊಣೆಗಾರಿಕೆಯ ಸ್ವತಂತ್ರ ಕಚೇರಿ ಶುರು ಮಾಡಿದರು. 2011ರಲ್ಲಿ ಅದಕ್ಕೆ ಕಾನೂನು ಬಂತು. ಅದರ ಮುಖ್ಯಸ್ಥರನ್ನು ನೇಮಿಸಲು, ತೆಗೆಯಲು ಸಂಸತ್ತಿನ ಖಜಾನೆ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಎಲ್ಲಾ ಮುಖ್ಯ ಪಕ್ಷಗಳವರೂ ಇರುತ್ತಾರೆ. 2013ರಲ್ಲಿ ಲೇಬರ್ ಪಕ್ಷದ ಎಡ್ ಬಾಲ್ಸ್ ನಮ್ಮ ಪ್ರಣಾಳಿಕೆಯನ್ನೂ ಪರಿಶೀಲಿಸಿ ಎಂದು ಕೇಳಿದರು. ಆಸ್ಬರ್ನ್ ಒಪ್ಪಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಆ ಕಚೇರಿಯ ಮುನ್ನೋಟ ಇಲ್ಲದೆಯೇ ಟೋರಿ ಸರ್ಕಾರ ಭಾರಿ ತೆರಿಗೆ ಕಡಿತ ಘೋಷಿಸಿತು. ಸಾಲಪತ್ರ ಮಾರುಕಟ್ಟೆ ಕುಸಿಯಿತು, ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬರಬೇಕಾಯಿತು. ನಮ್ಮ ಬೀದಿಯಲ್ಲಿ ಗೃಹಸಾಲ ಇದ್ದವರೆಲ್ಲ ಕಂಗಾಲಾದರು. ನಂತರ ಲೇಬರ್ ಅಧಿಕಾರಕ್ಕೆ ಬಂದಾಗ ಆ ಕಚೇರಿಯನ್ನು ಮುಚ್ಚಲಿಲ್ಲ. 2024ರಲ್ಲಿ ಹೊಸ ಕಾನೂನು ತಂದು ಇನ್ನಷ್ಟು ಬಲ ಕೊಟ್ಟರು. ಟೋರಿಗಳು ಕಟ್ಟಿದ್ದನ್ನು ಲೇಬರ್ ಉಳಿಸಿತು. ಭಾರತದಲ್ಲಿ ಸರ್ಕಾರ ಬದಲಾದರೆ ನೀತಿ ಆಯೋಗ ಉಳಿಯುತ್ತದೆ ಅಂತ ಯಾರಾದರೂ ಧೈರ್ಯವಾಗಿ ಹೇಳುತ್ತೀರಾ?

ಜಯನಗರ 4ನೇ ಬ್ಲಾಕ್
ಹೇಳಲ್ಲ. ಒಂದು ನಿರ್ಣಯದಲ್ಲಿ ಬಂದದ್ದು ಇನ್ನೊಂದು ನಿರ್ಣಯದಲ್ಲಿ ಹೋಗುತ್ತದೆ.

ಪೆನಾಂಗ್ ಡೈರಿ
ಎಲ್ಲರೂ ಯುರೋಪಿನ ಕಡೆ ನೋಡುತ್ತಿದ್ದೀರಿ. ನಾನು ಕೆಲಸ ಮಾಡಿದ ಮಲೇಷ್ಯಾದಲ್ಲಿ 1989ರಲ್ಲಿ ರಾಷ್ಟ್ರೀಯ ಆರ್ಥಿಕ ಸಮಾಲೋಚನಾ ಮಂಡಳಿ ಮಾಡಿದರು. 20 ವರ್ಷದ ಹಳೆಯ ಆರ್ಥಿಕ ನೀತಿ 1990ಕ್ಕೆ ಮುಗಿಯುವುದಿತ್ತು, ಮುಂದೇನು ಎಂದು ಕೇಳಲು. 150 ಸದಸ್ಯರು, ಅರ್ಧ ಭೂಮಿಪುತ್ರರು (ಮಲಯರು ಮತ್ತು ಮೂಲನಿವಾಸಿಗಳು), ಅರ್ಧ ಉಳಿದವರು. ವಿರೋಧ ಪಕ್ಷಗಳನ್ನೂ ಕರೆದರು. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಆದರೆ ಅದರ ಹಿಂದಿನ ವರ್ಷಗಳಲ್ಲಿ, 1987ರ ಅಕ್ಟೋಬರ್‌ನಲ್ಲಿ, ವಿರೋಧ ಪಕ್ಷ ಡಿಎಪಿಯ ನಾಯಕರನ್ನು ವಿಚಾರಣೆಯಿಲ್ಲದೆ ಬಂಧಿಸಿದ್ದರು. ಮಂಡಳಿ ಶುರುವಾದಾಗ ಅದರ ನಾಯಕ ಲಿಮ್ ಕಿಟ್ ಸಿಯಾಂಗ್ ಇನ್ನೂ ಬಂಧನದಲ್ಲೇ ಇದ್ದರು. ಡಿಎಪಿ ಮಂಡಳಿಯಿಂದ ಹೊರಬಂತು.

ಹಾಗಾಗಿ ಕುರ್ಚಿ ಇದೆಯಾ ಎಂದು ಮಾತ್ರ ನೋಡಬೇಡಿ. ಆ ಕುರ್ಚಿಯಲ್ಲಿ ಕೂತವರು ಭಯವಿಲ್ಲದೆ ಮಾತಾಡಬಹುದಾ ಅನ್ನುವುದನ್ನೂ ನೋಡಿ.

ಶಾರದೆ_ಎಂಎ
ಇದು ನನಗೆ ಗೊತ್ತೇ ಇರಲಿಲ್ಲ. ಧನ್ಯವಾದ.

ಹಳೇ ಮೈಸೂರು
ವಿಷಯದಿಂದ ಸ್ವಲ್ಪ ಆಚೆ. 1911ರಲ್ಲೇ ನಮ್ಮ ಮೈಸೂರಿನಲ್ಲಿ ಆರ್ಥಿಕ ಸಮ್ಮೇಳನ ಶುರುವಾಗಿತ್ತು. ನಾಲ್ವಡಿಯವರ ಕಾಲ, ಸರ್ ಎಂ.ವಿ. ಆಗ ಇನ್ನೂ ಮುಖ್ಯ ಇಂಜಿನಿಯರ್, ದಿವಾನರಾದದ್ದು ಮರುವರ್ಷ. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವ್ಯಾಪಾರ ಎಂದು ಸಮಿತಿಗಳಿದ್ದವು. ಅಧಿಕಾರಿಗಳ ಜೊತೆ ರೈತರು, ವರ್ತಕರು ಕೂಡ ಇದ್ದರು. ಚುನಾಯಿತ ಸರ್ಕಾರವೇ ಇಲ್ಲದ ಕಾಲದಲ್ಲಿ ಸರ್ಕಾರದ ಹೊರಗಿನವರನ್ನು ಕರೆದು ಕೂರಿಸಿದರು. 1913ರಲ್ಲಿ ಮೈಸೂರು ಬ್ಯಾಂಕ್ ಬಂದದ್ದು ಇದೇ ಹುರುಪಿನಲ್ಲಿ.

ಕಲಬುರಗಿ ತೊಗರಿ
ಹೆಮ್ಮೆ ಪಡಬೇಕಾದದ್ದೇ. ಆದರೆ ಆಗ ನಾವು ನಿಜಾಮರ ಕೈಯಲ್ಲಿದ್ದೆವು, ನಮಗೆ ಆ ಭಾಗ್ಯ ಇರಲಿಲ್ಲ. ಅದರ ಬಾಕಿ ನಾವು ಇನ್ನೂ ತೀರಿಸುತ್ತಿದ್ದೇವೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. 39 ಅತ್ಯಂತ ಹಿಂದುಳಿದವು, ಅದರಲ್ಲಿ ಹೆಚ್ಚಿನವು ನಮ್ಮ ಕಡೆಯವು.

ಈ ಸಮಿತಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅದನ್ನು ಮಾಡಿದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರ. ಆದರೆ ಆಮೇಲೆ ಬಂದ ಯಾವ ಪಕ್ಷವೂ ಅದನ್ನು ಪಕ್ಕಕ್ಕೆ ತಳ್ಳಲು ಆಗಲಿಲ್ಲ. ಬಜೆಟ್ ಬಂದಾಗಲೆಲ್ಲ ಅದೇ ಪಟ್ಟಿ ಹಿಡಿದು ಶಾಸಕರು ಕೇಳುತ್ತಾರೆ, ಯಾವ ಪಕ್ಷವಾದರೂ ಸರಿ. ತಾಲ್ಲೂಕು ತಾಲ್ಲೂಕಿನ ಅಂಕಿ ಅಂಶ ಎಲ್ಲರ ಮುಂದಿದೆ.

ಬಯಲುಸೀಮೆಯವ
ನೋಡಿ, ಇದು ನನ್ನ ಮಾತಿಗೇ ಪುರಾವೆ. ನಂಜುಂಡಪ್ಪ ಸಮಿತಿ ಮಾಡುವಾಗ ಕಾನೂನು ಮಾಡಿದರಾ? ಇಲ್ಲ, ಸರ್ಕಾರವೇ ನೇಮಿಸಿತು. ಆದರೂ ಎಲ್ಲರೂ ಒಪ್ಪಿದರು. ಯಾಕೆ? ಕೆಲಸ ಚೆನ್ನಾಗಿತ್ತು, ವರದಿ ಎಲ್ಲರಿಗೂ ಸಿಕ್ಕಿತು. ಮೊದಲು ಯಾರನ್ನು ಕೇಳಿದಿರಿ ಅನ್ನುವುದಕ್ಕಿಂತ ಆಮೇಲೆ ಏನು ಕೊಟ್ಟಿರಿ ಅನ್ನುವುದು ಮುಖ್ಯ.

ತುಂಗಾತೀರ
ಇದು ಗಟ್ಟಿ ವಾದ. ಆದರೆ ಒಂದು ವರದಿ ಕೊಟ್ಟು ಮುಗಿಯುವ ಸಮಿತಿಗೂ, ವರ್ಷಗಟ್ಟಲೆ ಕೂತು ಸಲಹೆ ಕೊಡುವ ಸಂಸ್ಥೆಗೂ ವ್ಯತ್ಯಾಸ ಇದೆ. ವರದಿ ಬರೆದವರು ಮನೆಗೆ ಹೋಗುತ್ತಾರೆ, ಯಾರಿಗೂ ಹೆದರಬೇಕಿಲ್ಲ. ಕಾಯಂ ಸಂಸ್ಥೆಯಲ್ಲಿ ಕೂತವರು ನಾಳೆಯೂ ಅದೇ ಸರ್ಕಾರದ ಮುಖ ನೋಡಬೇಕು. ಅವರ ಕುರ್ಚಿ ಒಬ್ಬರ ಇಷ್ಟದ ಮೇಲೆ ನಿಂತಿದ್ದರೆ ಕಹಿ ಸತ್ಯ ಹೇಳುವುದು ಕಷ್ಟ. ಅದಕ್ಕೇ ನೇಮಕದ ನಿಯಮ ಮೊದಲೇ, ಎಲ್ಲರೂ ಒಪ್ಪಿ ಬರೆಯಬೇಕು.

ತೆರಿಗೆ ಪಯಣ
ಸರ್ಕಾರದ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಹಣಕಾಸು ಮಂಡಳಿ ಬೇಕು ಎಂದು 13ನೇ ಹಣಕಾಸು ಆಯೋಗ (ಕೇಂದ್ರ ತೆರಿಗೆಯ ಹಂಚಿಕೆ ಸೂಚಿಸುವ ಆಯೋಗ) ಹೇಳಿತು, 14ನೆಯದೂ ಹೇಳಿತು. 2017ರಲ್ಲಿ ಎನ್.ಕೆ. ಸಿಂಗ್ ಸಮಿತಿಯೂ ಹೇಳಿತು. ಎರಡೂ ಮೈತ್ರಿಕೂಟಗಳು ಅಧಿಕಾರ ನಡೆಸಿದವು, ಯಾರೂ ಮಾಡಲಿಲ್ಲ. ಅಧಿಕಾರದಲ್ಲಿದ್ದಾಗ ಇಂಥ ಸಂಸ್ಥೆ ಯಾರಿಗೂ ಬೇಕಿಲ್ಲ.

ಶಾಲ್ಮಲಾ
ರಾಮಕೃಷ್ಣ ಹೆಗಡೆಯವರ ನೆನಪಾಗುತ್ತಿದೆ. 1983ರ ಮಾರ್ಚ್‌ನಲ್ಲಿ, ಮುಖ್ಯಮಂತ್ರಿಯಾಗಿದ್ದಾಗ, ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಕೇಂದ್ರ-ರಾಜ್ಯ ಸಂಬಂಧದ ಪ್ರಶ್ನೆ ಎತ್ತಿದರು. ಅದೇ ತಿಂಗಳು ಇಂದಿರಾ ಗಾಂಧಿ ಆ ಸಂಬಂಧವನ್ನು ಪರಿಶೀಲಿಸಲು ಸರ್ಕಾರಿಯಾ ಆಯೋಗ ಘೋಷಿಸಿದರು. ಮುಂದೆ ವಿ.ಪಿ. ಸಿಂಗ್ ಕಾಲದಲ್ಲಿ ಹೆಗಡೆಯವರೇ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಆ ಸರ್ಕಾರವೇ 1990ರಲ್ಲಿ ಅಂತರರಾಜ್ಯ ಮಂಡಳಿ ಮಾಡಿತು. ಅದಕ್ಕೆ ಸಂವಿಧಾನದ 263ನೇ ವಿಧಿಯ ಬಲ ಇದೆ. ಆದರೆ ಸಭೆಗಳೇ ನಡೆಯುವುದಿಲ್ಲ. 11ನೇ ಸಭೆ ನಡೆದದ್ದು 2016ರ ಜುಲೈನಲ್ಲಿ, ಅದೂ ಹತ್ತು ವರ್ಷದ ನಂತರ.

ಅಂದರೆ ಕಾನೂನಿನ ಬಲ ಇದ್ದರೂ ಸಾಲದು. ವರ್ಷಕ್ಕೆ ಇಷ್ಟು ಸಭೆ ಎಂದು ಬರೆದಿದ್ದರೂ ಸಾಲದು, ನಡೆಸಲೇಬೇಕಾದ ಒತ್ತಾಯವೂ ಇರಬೇಕು.

ಜಯನಗರ 4ನೇ ಬ್ಲಾಕ್
ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಶೇ 4.713ರಿಂದ 3.647ಕ್ಕೆ ಇಳಿದ ಕರ್ನಾಟಕದ ಪಾಲಿನ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? 15ನೇ ಹಣಕಾಸು ಆಯೋಗ ಮಾಡಿದ್ದು. ನನ್ನ ತೆರಿಗೆ ನನ್ನ ಹಕ್ಕು!

ತೆರಿಗೆ ಪಯಣ
ಅದು ಹಣಕಾಸು ಆಯೋಗ, ಸಂವಿಧಾನದ 280ನೇ ವಿಧಿ. ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ. ಅಲ್ಲಿ ಬರೆಯಲು ನನಗೂ ಬೇಕಾದಷ್ಟಿದೆ.

ದಾವಣಗೆರೆ ಬೆಣ್ಣೆ
ವಿರೋಧ ಪಕ್ಷದ ಜವಾಬ್ದಾರಿಯ ಬಗ್ಗೆಯೂ ಹೇಳಿ. 2024ರ ಜುಲೈ 27ರ ನೀತಿ ಆಯೋಗದ ಸಭೆಗೆ ಸಿದ್ದರಾಮಯ್ಯ, ಸ್ಟಾಲಿನ್, ರೇವಂತ್ ರೆಡ್ಡಿ ಹೋಗಲಿಲ್ಲ. ಮಮತಾ ಹೋದರು, ಮೈಕ್ ನಿಲ್ಲಿಸಿದರು ಎಂದು ಹೇಳಿ ಎದ್ದು ಬಂದರು. ಸರ್ಕಾರ ಅದನ್ನು ಅಲ್ಲಗಳೆಯಿತು. ಬಜೆಟ್‌ನಲ್ಲಿ ಅನ್ಯಾಯ ಆಗಿದೆ ಎಂದರೆ ಅಲ್ಲೇ ಹೋಗಿ ಹೇಳಬೇಕಿತ್ತು. ಕರೆದಾಗ ಬರದೆ, ಕರೆಯಲಿಲ್ಲ ಎಂದು ದೂರುವುದು ಎಷ್ಟು ಸರಿ?

ಕಲಬುರಗಿ ತೊಗರಿ
ಬಜೆಟ್ ಆದ ಮೇಲೆ ಕರೆದರೆ ಹೋಗಿ ಏನು ಮಾಡುವುದು?

ಕಡತದ ಗೆಳೆಯ
ಇಬ್ಬರೂ ಸ್ವಲ್ಪ ತಾಳಿ. ನಮ್ಮಲ್ಲೇ ಚೆನ್ನಾಗಿ ನಡೆದ ಒಂದು ಪದ್ಧತಿ ಇದೆ. ಸರ್ಕಾರದ ಖರ್ಚು ಪರಿಶೀಲಿಸುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಸ್ಥಾನ 1967ರಿಂದ ವಿರೋಧ ಪಕ್ಷಕ್ಕೆ ಹೋಗುತ್ತಿದೆ. ಎಷ್ಟು ಸರ್ಕಾರ ಬಂದು ಹೋದರೂ ಆ ಪದ್ಧತಿ ಉಳಿದಿದೆ. ಹೊಸ ಸಂಸ್ಥೆಯ ನೇಮಕಕ್ಕೂ ಈ ಸಮಿತಿಯ ಒಪ್ಪಿಗೆ ಕಡ್ಡಾಯ ಮಾಡಿದರೆ? ಹೊಸ ವ್ಯವಸ್ಥೆ ಕಟ್ಟಬೇಕಾಗಿಲ್ಲ.

ಲಂಡನ್ ಮಳೆ
ಬ್ರಿಟನ್ನಿನ ಖಜಾನೆ ಸಮಿತಿ ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರ ಬರುತ್ತದೆ. ಒಳ್ಳೆಯ ಯೋಚನೆ.

ಬಯಲುಸೀಮೆಯವ
ಇದಕ್ಕೆ ನನ್ನ ತಕರಾರಿಲ್ಲ, ಒಂದು ಷರತ್ತು. ಒಪ್ಪಿಗೆ ಕೊಡಲು ಗಡುವು ಇರಬೇಕು. 30 ದಿನದಲ್ಲಿ ಹೌದು ಅಥವಾ ಅಲ್ಲ, ಕಾರಣ ಬರೆದು ಕೊಡಲಿ. ವರ್ಷಗಟ್ಟಲೆ ಕೂತರೆ ಲೋಕಪಾಲ್ ಕಥೆಯೇ ಆಗುತ್ತದೆ. 2013ರ ಕಾನೂನು, 2019ರಲ್ಲಿ ನೇಮಕ.

ತುಂಗಾತೀರ
ಗಡುವು ಇರಲಿ, ಒಪ್ಪಿದೆ. ಆದರೆ ಗಡುವು ಮುಗಿದರೆ ಸರ್ಕಾರ ತನ್ನ ಇಷ್ಟದವರನ್ನು ನೇಮಿಸಬಹುದು ಎಂದು ಬರೆಯಬಾರದು. ಆಗ 30 ದಿನ ಸುಮ್ಮನೆ ಕಳೆದರೆ ಸಾಕು ಎಂದಾಗುತ್ತದೆ.

ಶಾರದೆ_ಎಂಎ
ದೆಹಲಿಯವರೆಗೆ ಯಾಕೆ, ಬೆಂಗಳೂರಿನಿಂದಲೇ ಶುರು ಮಾಡೋಣ. ನಮ್ಮ ರಾಜ್ಯಕ್ಕೂ ನೀತಿ ಮತ್ತು ಯೋಜನಾ ಆಯೋಗ ಇದೆ. ವಿಧಾನಸಭೆಯ ಲೆಕ್ಕಪತ್ರ ಸಮಿತಿಯ ಒಪ್ಪಿಗೆಯಿಂದ ಅದಕ್ಕೆ ಅರ್ಥಶಾಸ್ತ್ರಜ್ಞರನ್ನು ನೇಮಿಸಿ ಎಂದು ನಮ್ಮ ನಮ್ಮ ಶಾಸಕರಿಗೆ ಬರೆಯಬಹುದು. ಕರಡು ನಾನು ಮಾಡುತ್ತೇನೆ. ಗಡುವಿನ ಸಾಲು @ಬಯಲುಸೀಮೆಯವ ಬರೆಯಲಿ.

ಬಯಲುಸೀಮೆಯವ
ಬರೆಯುತ್ತೇನೆ. ಆದರೆ ಆ ಆಯೋಗ ಬೇಕೇ ಬೇಕಾ ಎನ್ನುವ ಪ್ರಶ್ನೆಯನ್ನೂ ಕರಡಿನಲ್ಲಿ ಸೇರಿಸುತ್ತೇನೆ, ಅದನ್ನು ಅಳಿಸಬೇಡಿ.